ಕ್ಯಾಮೆರಾ ಕಂಡರೆ ಬಾಯಿ ಬಿಡುವವರು

ನಮ್ಮ ಯಜಮಾನರಿಗೆ ವರ್ಷಕ್ಕೊಂದು ಹುಚ್ಚು ಹಿಡಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಜೇನು ಸಾಕುತ್ತೇನೆಂದು ಮರದ ಪೆಟ್ಟಿಗೆ ತಂದರು. ಜೇನು ಬರಲಿಲ್ಲ, ಜಿರಲೆ ಬಂದವು. ಆಮೇಲೆ ಹಿತ್ತಲ ತುಂಬ ಗುಲಾಬಿ ಹಾಕಿದರು, ಬೀದಿಯ ಮೇಕೆಗಳಿಗೆ ಒಳ್ಳೆಯ ಕಾಲ ಬಂತು. ಮಗನಿಗೆ ಎರಡು ತುಂಬುವ ಹೊತ್ತಿಗೆ ಕ್ಯಾಮೆರಾ ಬಂತು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ದೊಡ್ಡಬೆಳವಂಗಲದಲ್ಲಿ ನಮ್ಮ ಬೀದಿಯವರು ಕ್ಯಾಮೆರಾ ನೋಡಿದ್ದರೆ ಅದು ಯಾವುದಾದರೂ ಮದುವೆ ಮನೆಯಲ್ಲಿ, ಅದೂ ದೂರದಿಂದ.

ಇವರು ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಒಮ್ಮೆ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿ ಯಾವನೋ ಸ್ನೇಹಿತನಿಂದ ಹಳೆಯ ಕ್ಯಾಮೆರಾ ಕೊಂಡು ತಂದರು. ಕರಿ ಡಬ್ಬ, ಮುಂದೊಂದು ಗಾಜಿನ ಕಣ್ಣು, ತಲೆಯ ಮೇಲೆ ಬಗ್ಗಿ ನೋಡಲು ಒಂದು ಚಿಕ್ಕ ಕಿಟಕಿ, ಪಕ್ಕದಲ್ಲಿ ರೋಲು ತಿರುಗಿಸುವ ತಿರುಪು. ಅದೇ ಸ್ನೇಹಿತನ ಮನೆಯಲ್ಲಿ ಇವರು ಒಂದು ಆಲ್ಬಂ ನೋಡಿದ್ದರಂತೆ. ಅದರಲ್ಲಿ ಒಂದು ಮಗು ಹಾಳೆ ತಿರುವಿದ ಹಾಗೆಲ್ಲ ದೊಡ್ಡದಾಗುತ್ತ ಹೋಗುತ್ತಿತ್ತಂತೆ.

“ಇವ್ನು ಅಳೋದು, ಉಣ್ಣೋದು, ಮಣ್ಣಲ್ಲಿ ಹೊರಳಾಡೋದು, ಎಲ್ಲಾ ತೆಗೀಬೇಕು ಕಣೆ. ದಿನಕ್ಕೊಂದು,” ಅಂದರು.

ದಿನಾ ಅದೇ ಮೂಗು, ಅದೇ ಸಿಂಬಳ, ಅದಕ್ಕೆ ಫೋಟೋ ಬೇರೆ ಕೇಡು ಅಂದೆ. ಬಾಯಲ್ಲಿ ಹಾಗಂದೆನೇ ಹೊರತು ಒಳಗೊಳಗೇ ನನಗೆ ಆಸೆ ಹುಟ್ಟಿತ್ತು. ಯಾಕೆಂದರೆ ನನ್ನ ಚಿಕ್ಕಂದಿನ ಫೋಟೋ ಒಂದೂ ಇರಲಿಲ್ಲ. ಮದುವೆಯ ದಿನ ತೆಗೆದದ್ದೇ ನನ್ನ ಮೊದಲ ಫೋಟೋ, ಅದರಲ್ಲೂ ತಲೆ ಬಗ್ಗಿಸಿ ಕೂತು ಬರೀ ಬಾಸಿಂಗ ಕಾಣುತ್ತಿದೆ. ನಾನು ಚಿಕ್ಕವಳಿದ್ದಾಗ ಹೇಗಿದ್ದೆ ಎಂದು ಅನುಗೊಂಡನಹಳ್ಳಿಯಲ್ಲಿದ್ದ ನಮ್ಮ ಅವ್ವನನ್ನು ಎಷ್ಟೋ ಸಲ ಕೇಳಿದ್ದೇನೆ. ಅವ್ವ ಮೊರದಿಂದ ಕಣ್ಣು ಎತ್ತದೆ, ಎಲ್ಲಾ ಮಕ್ಕಳ ಹಾಗೆಯೇ ಇದ್ದೆ ಅನ್ನುತ್ತಿದ್ದಳು. ಕೆಣಕಿ ಕೇಳಿದರೆ, ಎರಡು ಕಣ್ಣು ಒಂದು ಮೂಗು ಅನ್ನುತ್ತಿದ್ದಳು. ಆ ಉತ್ತರ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಸ್ವಲ್ಪ ಅಳುವೂ ಬರುತ್ತಿತ್ತು.

ನನ್ನ ಮಗ ಹಾಗೆ ಕೇಳುವ ಹಾಗಾಗಬಾರದು ಎಂದುಕೊಂಡೆ. ಅದರಲ್ಲೂ ಒಂದು ಫೋಟೋ ನನಗೆ ಬೇಕೇ ಬೇಕಿತ್ತು. ನಮ್ಮಲ್ಲಿ ಗಂಡುಮಗುವಿಗೂ ಮುಡಿ ಕೊಡುವ ತನಕ ಕೂದಲಿಗೆ ಕತ್ತರಿ ಹಾಕುವುದಿಲ್ಲ. ಮುಡಿ ಕೊಡುವ ಮೊದಲು ಮಗುವಿಗೆ ಹೆಣ್ಣಿನ ಹಾಗೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ, ಬೆನ್ನ ಹಿಂದೆ ಕನ್ನಡಿ ಇಟ್ಟು ಜಡೆಯೂ ಕಾಣುವ ಹಾಗೆ ಫೋಟೋ ತೆಗೆಸುತ್ತಾರೆ. ಮುಡಿ ಆದಮೇಲೆ ಆ ಕೂದಲು ಮತ್ತೆ ಸಿಗುವುದಿಲ್ಲ. ನನ್ನ ಮಗನ ಕೂದಲೋ ಸೊಂಟಕ್ಕೆ ಬರುವಂತಿತ್ತು, ಊರ ಹೆಂಗಸರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಆ ಜಡೆಯ ಫೋಟೋ ಒಂದಾದರೆ ಸಾಕು, ಉಳಿದದ್ದು ಇವರು ಏನಾದರೂ ತೆಗೆದುಕೊಳ್ಳಲಿ ಎಂದು ಸುಮ್ಮನಾದೆ.

ಸುಮ್ಮನಾಗದವರು ಅತ್ತೆ. ಫೋಟೋ ತೆಗೆದರೆ ಮಗುವಿಗೆ ದೃಷ್ಟಿಯಾಗುತ್ತದೆ ಎಂದು ಪಟ್ಟು ಹಿಡಿದರು. ಕೊನೆಗೆ ಒಂದು ರಾಜಿಯಾಯಿತು. ಫೋಟೋಗೆ ಮುಂಚೆ ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು, ಫೋಟೋ ಆದಮೇಲೆ ದೃಷ್ಟಿ ತೆಗೆಯುವುದು. ಒಣಮೆಣಸಿನಕಾಯಿ, ಕಲ್ಲುಪ್ಪು, ಪೊರಕೆ ಕಡ್ಡಿ ಹಿಡಿದು, ನಾಯಿ ಕಣ್ಣು, ನರಿ ಕಣ್ಣು, ಅಕ್ಕಪಕ್ಕದವರ ಕಣ್ಣು, ಈ ಡಬ್ಬದ ಕಣ್ಣು ಎಂದು ನಿವಾಳಿಸಿ ಒಲೆಗೆ ಹಾಕುವರು. ಮೆಣಸಿನಕಾಯಿಯ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿಯಾಗಿದೆ ಎಂದು ಲೆಕ್ಕ. ನಮ್ಮ ಮನೆಯಲ್ಲಿದ್ದದ್ದು ಬ್ಯಾಡಗಿ ಮೆಣಸಿನಕಾಯಿ, ಬಣ್ಣವೇ ಹೊರತು ಘಾಟಿಲ್ಲ. ಹಾಗಾಗಿ ನನ್ನ ಮಗನಿಗೆ ದಿನಾ ದೃಷ್ಟಿಯಾಗುತ್ತಿತ್ತು, ಅತ್ತೆ ದಿನಾ ಗೆಲ್ಲುತ್ತಿದ್ದರು, ಸಾರಿಗೆ ಮೆಣಸಿನಕಾಯಿ ಇಲ್ಲದೆ ನಾನು ದಿನಾ ಬೈದುಕೊಳ್ಳುತ್ತಿದ್ದೆ.

ಮೊದಲ ರೋಲು ಒಂದೂವರೆ ವಾರಕ್ಕೆ ಮುಗಿಯಿತು. ಇವರಿಗೆ ಬೇಕಾಗಿದ್ದದ್ದು ನಮ್ಮ ನಿತ್ಯದ ಬದುಕು. ಆದರೆ ಕ್ಯಾಮೆರಾ ಹೊರಗೆ ಬಂದ ಕೂಡಲೇ ಅತ್ತೆ ರೇಷ್ಮೆ ಸೀರೆ ಉಡಲು ಓಡುವರು. ಕಸ ಗುಡಿಸುತ್ತಿದ್ದವಳು ನಾನು, ಪೊರಕೆ ಬಿಸಾಕಿ ಕನಕಾಂಬರ ಮುಡಿಯುವೆ. ಮಗುವಿಗೆ ಸ್ನಾನ ಮಾಡಿಸುವುದನ್ನು ತೆಗೆಯಲು ಹೋದರೆ ಬರಿಮೈಯಲ್ಲಿ ತೆಗೆಯಬಾರದೆಂದು ನೀರೊಲೆಯ ಮುಂದೆಯೇ ಅದಕ್ಕೆ ಉಲ್ಲನ್ನಿನ ಟೋಪಿ, ಸ್ವೆಟರು ಹಾಕಿದೆವು. ದೊಡ್ಡಬಳ್ಳಾಪುರದ ಸ್ಟುಡಿಯೋದಲ್ಲಿ ತೊಳೆಸಿ ತಂದ ಫೋಟೋಗಳಲ್ಲಿ ಕಂಡದ್ದು ಹಸುವಿನ ಹಿಂಭಾಗ, ಮಗುವಿನ ಒಂದು ಕಾಲು, ಮತ್ತೆ ಪ್ರತಿಯೊಂದರಲ್ಲೂ ಪೊಲೀಸಿನವನ ಹಾಗೆ ಸೆಟೆದು ನಿಂತ ಅತ್ತೆ. ಅತ್ತೆಗಂತೂ ಬಹಳ ಚೆನ್ನಾಗಿ ಬಂದಿವೆ ಎಂದು ಸಂತೋಷವಾಯಿತು.

ಎರಡನೆಯ ರೋಲು ಬರಲಿಲ್ಲ. ದಿನಕ್ಕೊಂದು ಫೋಟೋ ತೆಗೆಯುತ್ತ ಹೋದರೆ ಮನೆಯವರು ಮಣ್ಣು ತಿನ್ನಬೇಕಾಗುತ್ತದೆ ಎಂದು ಇವರಿಗೂ ಗೊತ್ತಾಗಿತ್ತು. ಆದರೆ ಅಷ್ಟರೊಳಗೆ ಮಗನಿಗೆ ಒಂದು ಅಭ್ಯಾಸ ಬಿದ್ದುಹೋಗಿತ್ತು. ಬೆಳಿಗ್ಗೆ ಜಗಲಿಯ ಮೇಲೆ ಕೂರಿಸಿ ನಾನು ರಾಗಿ ಸರಿ ತಿನ್ನಿಸುವಾಗಲೇ ಇವರು ಹೆಚ್ಚಾಗಿ ಫೋಟೋ ತೆಗೆಯುತ್ತಿದ್ದರು. ಆ ‘ಟಕ್’ ಸದ್ದಿಗೆ ಅವನು ಅಗಲವಾಗಿ ಬಾಯಿ ಬಿಡುವನು, ನಾನು ತುತ್ತು ತುರುಕುವೆ. ರೋಲು ಮುಗಿದ ಮಾರನೆಯ ದಿನ ಸದ್ದಿಲ್ಲ, ಬಾಯಿಯೂ ಇಲ್ಲ. ಹಲ್ಲು ಕಚ್ಚಿಕೊಂಡು ಕೂತ. ನಾನು ಮುದ್ದಿಸಿದೆ, ಹೆದರಿಸಿದೆ, ಕಾಗೆಯನ್ನು ಕರೆದೆ. ಬಸ್ಸಿಗೆ ಹೊರಟಿದ್ದ ಇವರು ಕೊನೆಗೆ ಒಳಗೆ ಹೋಗಿ ಖಾಲಿ ಕ್ಯಾಮೆರಾ ತಂದು ‘ಟಕ್’ ಅನ್ನಿಸಿದರು. ಬಾಯಿ ತೆರೆಯಿತು.

ಅಂದಿನಿಂದ ಅದೇ ನಡೆದುಬಂತು. ರೋಲಿಲ್ಲದ ಕ್ಯಾಮೆರಾದಲ್ಲಿ ದಿನಾ ಫೋಟೋ. ಈ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅಮ್ಮನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಇವರು ನನ್ನ ಬಾಯಿ ಮುಚ್ಚಿಸಿದರು. ಅತ್ತೆ ಪಾಪ ದಿನಾ ಬೆಳಿಗ್ಗೆ ತಲೆ ಬಾಚಿ, ಎಣ್ಣೆ ಹಚ್ಚಿ, ಮೊಮ್ಮಗನ ಪಕ್ಕ ಬಂದು ಸೆಟೆದು ಕೂರುವರು. ಆಮೇಲೆ ಖಾಲಿ ಡಬ್ಬದ ದೃಷ್ಟಿಯನ್ನು ಮೆಣಸಿನಕಾಯಿ ಸುಟ್ಟು ತೆಗೆಯುವರು. ನನಗೆ ನಗು ತಡೆಯಲಾಗದೆ ಸೆರಗು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದೆ.

ಸುದ್ದಿ ಬೀದಿಗೆ ಹಬ್ಬಿತು. ಪಕ್ಕದ ಮನೆಯಾತ ಹೊಸ ಸೈಕಲ್ಲು ತಂದವನು ಅದನ್ನು ತಳ್ಳಿಕೊಂಡು ಬಂದು ಮಗುವಿನ ಹಿಂದೆ ನಿಂತ. ಹಾಲು ಹಾಕುವವಳು ತನ್ನ ಸೀಮೆ ಹಸುವನ್ನೇ ಹಿಡಿದುಕೊಂಡು ಬಂದಳು. ಹಸು ಕಣ್ಣು ಮುಚ್ಚಿತು, ಇನ್ನೊಂದು ಸಲ ತೆಗೀರಿ ಸ್ವಾಮಿ ಅಂದಳು. ಇವರು ಧಾರಾಳವಾಗಿ ಇನ್ನೊಂದು ಸಲ ‘ಟಕ್’ ಅನ್ನಿಸಿದರು. ಖರ್ಚಿಲ್ಲದ ಕೆಲಸಕ್ಕೆ ನಮ್ಮ ಯಜಮಾನರಷ್ಟು ಉದಾರಿ ಇನ್ನೊಬ್ಬರಿಲ್ಲ. ಫೋಟೋ ಎಲ್ಲಿ ಎಂದು ಯಾರಾದರೂ ಕೇಳಿದರೆ, ತೊಳೆಯಲು ಕೊಟ್ಟಿದ್ದೇನೆ ಅನ್ನುವರು. ಇಷ್ಟು ದಿನ ತೊಳೆಯುವುದಕ್ಕೆ ಅದೇನು ಕಂಬಳಿಯೇ ಎಂದು ಹಾಲಿನವಳು ಗೊಣಗಿಕೊಂಡು ಹೋದಳು.

ಹೀಗೇ ವರ್ಷ ಉರುಳುತ್ತ ಬಂತು. ದಸರಾ ಕಳೆದ ಮೇಲೆ ಘಾಟಿಯ ದೇವಸ್ಥಾನದಲ್ಲಿ ಮುಡಿ ಕೊಡುವುದೆಂದು ಅತ್ತೆ ದಿನ ಗೊತ್ತು ಮಾಡಿದರು. ನಾನು ಇವರನ್ನು ಹಿಡಿದು ನಿಲ್ಲಿಸಿದೆ.

“ನೋಡ್ರೀ, ಇಷ್ಟು ದಿನ ನಿಮ್ಮ ಆಟಕ್ಕೆ ಕುಣಿದಿದೀನಿ. ಜಡೆ ಫೋಟೋ ಮಾತ್ರ ಬರ್ಲೇಬೇಕು. ಕೂದ್ಲು ಹೋದ್ಮೇಲೆ ನಾನೇನು ಮಾಡ್ಲಿ?”

ನಾನು ಆಟಕ್ಕೆ ಹೇಳುತ್ತಿಲ್ಲ ಎಂದು ಅವರಿಗೆ ಗೊತ್ತಾಗಿರಬೇಕು. ತಮಾಷೆ ಮಾಡದೆ, ಹೊಸ ರೋಲು ತರುತ್ತೇನೆ, ವಿಜಯದಶಮಿಯ ಬೆಳಿಗ್ಗೆ ತೆಗೆಯೋಣ ಅಂದರು. ಅದರ ಪ್ರಕಾರ ತಂದರು. ದೊಡ್ಡಬಳ್ಳಾಪುರದಲ್ಲಿ ಒಳ್ಳೆಯ ಸ್ಟುಡಿಯೋ ಇರುವಾಗ ಅಲ್ಲಿಗೇ ಕರೆದುಕೊಂಡು ಹೋಗಿ ಅನ್ನಬಹುದಿತ್ತು. ಗಂಡನ ಕೈಯಲ್ಲೇ ಕ್ಯಾಮೆರಾ ಇದ್ದು ಸ್ಟುಡಿಯೋಗೆ ಹೋದರೆ ಜನ ನಗುತ್ತಾರೆ ಎಂದು ನಾನೂ ಜಂಬ ಮಾಡಿದೆ.

ಅದರ ಹಿಂದಿನ ದಿನ ಆಯುಧಪೂಜೆ. ಅತ್ತೆ ಮನೆಯ ಕುಡುಗೋಲು, ಮಚ್ಚು, ಈಳಿಗೆಮಣೆ, ಗುದ್ದಲಿ, ಸೇರು, ಪಾವು ಎಲ್ಲವನ್ನೂ ತೊಳೆದು ನಡುಮನೆಯಲ್ಲಿ ಸಾಲಾಗಿ ಇಟ್ಟರು. ಕ್ಯಾಮೆರಾವನ್ನೂ ತಂದಿಟ್ಟರು. ದುಡಿದ ವಸ್ತು ಅದು, ಅದಕ್ಕೂ ಪೂಜೆಯಾಗಬೇಕಲ್ಲ. ಆದರೆ ಪೂಜೆಗೆ ಯಾವುದನ್ನೂ ಖಾಲಿ ಇಡಬಾರದು. ಸೇರಿಗೆ ರಾಗಿ ತುಂಬಿದರು, ಪಾವಿಗೆ ಅಕ್ಕಿ ತುಂಬಿದರು. ಆಮೇಲೆ ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದರ ಹೊಟ್ಟೆಯಲ್ಲಿ ಏನಾದರೂ ಇದೆಯೇನೋ ಎಂದು ಇವರನ್ನು ಕೇಳಿದರು. ಇವರ ಮುಖ ನೋಡಬೇಕಿತ್ತು. ಇದೆ ಇದೆ ಎಂದು ಅದನ್ನು ಕಿತ್ತುಕೊಂಡು ಕೋಣೆಗೆ ಹೋಗಿ, ನಾಳೆಗೆಂದು ತಂದಿದ್ದ ರೋಲನ್ನು ಅಂದೇ ತುಂಬಿಸಿ ತಂದರು. ದೇವರ ಮುಂದೆ ಸುಳ್ಳು ಹೇಳಲು ಅವರಿಗೆ ಧೈರ್ಯವಿರಲಿಲ್ಲ.

ಅತ್ತೆ ಎಲ್ಲ ವಸ್ತುವಿಗೂ ಗಂಧ ಬಳಿದು, ಅದರ ಮೇಲೆ ಕುಂಕುಮ ಇಟ್ಟರು. ಕುಡುಗೋಲಿಗೆ ಹಿಡಿಯ ಮೇಲೆ, ಗುದ್ದಲಿಗೆ ನೆತ್ತಿಯ ಮೇಲೆ. ಕ್ಯಾಮೆರಾಗೆ ಎಲ್ಲಿ ಇಡುವುದೆಂದು ತಿರುಗಿಸಿ ನೋಡಿ, ಮುಖ ಇದೇ ಅಲ್ಲವೇ ಎಂದು ಗಾಜಿನ ಕಣ್ಣಿನ ಮೇಲೆಯೇ ದಪ್ಪಗೆ ಇಟ್ಟರು. ಮೇಲಿನ ಚಿಕ್ಕ ಕಿಟಕಿಗೂ ಒಂದು ಚುಕ್ಕೆ. ಪೂಜೆಯ ಬೊಟ್ಟನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂಬುದು ಅವರ ಕಟ್ಟುನಿಟ್ಟು. ಮಾರನೆಯ ದಿನ ಇವರು ಅಮ್ಮನ ಕಣ್ಣು ತಪ್ಪಿಸಿ ಮೇಲಿನ ಕಿಟಕಿಯನ್ನು ಮಾತ್ರ ಉಗುರಿನಿಂದ ಕೆರೆದುಕೊಂಡರು. ತಾವು ಬಗ್ಗಿ ನೋಡುವುದು ಅದರಲ್ಲೇ, ಅದರಲ್ಲಿ ಮಗು ಚೆನ್ನಾಗಿಯೇ ಕಾಣುತ್ತಿತ್ತು. ಮುಂದಿನ ಕಣ್ಣನ್ನು ಒರೆಸಬೇಕೆಂದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯುವ ಮಾತೇ ಇರಲಿಲ್ಲ.

ವಿಜಯದಶಮಿಯ ದಿನ ಕಾಗೆ ಕೂಗುವ ಮೊದಲೇ ಎದ್ದು ಕಾಕಡ ಮೊಗ್ಗು ಪೋಣಿಸಿದೆ. ಚೌರಿ ಸೇರಿಸಿ, ಮೊಗ್ಗಿನ ಸಾಲು ಹೊಲಿದು, ನಡುನಡುವೆ ಕನಕಾಂಬರ ಇಟ್ಟು ಜಡೆ ಹಾಕಿದೆ. ನಮ್ಮ ನಾದಿನಿಯ ಹಳೆಯ ಕೆಂಪು ಲಂಗ ಉಡಿಸಿ, ಬೈತಲೆ ಬೊಟ್ಟು ಇಟ್ಟು, ಬಳೆ ತೊಡಿಸಿದೆ. ಊರಿನಲ್ಲಿ ದೊಡ್ಡ ಕನ್ನಡಿ ಇದ್ದದ್ದು ಕ್ಷೌರದ ಅಂಗಡಿಯಲ್ಲಿ. ಅಂದು ಅಂಗಡಿ ರಜೆ. ಅಂಗಡಿಯಾತ ಕನ್ನಡಿಯನ್ನು ತಾನೇ ಹೊತ್ತು ತಂದುಕೊಟ್ಟು, ತಲೆ ಬೋಳಿಸೋಕೆ ಘಾಟಿಗೆ ಹೋಗ್ತೀರಿ, ಕನ್ನಡಿ ಮಾತ್ರ ನಂದೇ ಆಗ್ಬೇಕು ಎಂದು ಚುಚ್ಚಿ ಹೋದ. ಕನ್ನಡಿಯನ್ನು ಜಗಲಿಯ ಕಂಬಕ್ಕೆ ಓರೆಯಾಗಿ ಆನಿಸಿ, ಜಾರದ ಹಾಗೆ ಪೂಜೆಯ ಸೇರನ್ನು ರಾಗಿ ಸಮೇತ ಒತ್ತುಕೊಟ್ಟೆವು. ಅದರ ಮುಂದೆ ಮಣೆ, ಮಣೆಯ ಮೇಲೆ ನನ್ನ ಮಗ. ಲಕ್ಷಣವಾದ ಹುಡುಗಿಯ ಹಾಗೆ ಕೂತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೇ ನೋಡಿ ನನ್ನ ಕಣ್ಣು ತುಂಬಿ ಬಂತು.

ಇವರು ಕ್ಯಾಮೆರಾ ಹಿಡಿದುಕೊಂಡು ಬಂದರು. ಅದನ್ನು ಕಂಡದ್ದೇ ತಡ, ಮಗ ದೊಡ್ಡದಾಗಿ ಬಾಯಿ ಬಿಟ್ಟ.

ಇದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಮುಚ್ಚು ಕಂದ ಅಂದೆ. ನಗು ಪುಟ್ಟ ಅಂದೆ. ಅವನ ಪಾಲಿಗೆ ಕ್ಯಾಮೆರಾ ಎಂದರೆ ರಾಗಿ ಸರಿ, ತುತ್ತು ಬರುವ ತನಕ ಬಾಯಿ ಮುಚ್ಚುವ ಮಾತಿಲ್ಲ. ಅತ್ತೆ ಹೋಗಿ ಗದ್ದ ಹಿಡಿದು ಮುಚ್ಚಿಸಿ ಈಚೆಗೆ ಓಡಿ ಬರುವಷ್ಟರಲ್ಲಿ ಇವರು ‘ಟಕ್’ ಅನ್ನಿಸುವುದು, ಸದ್ದಿಗೆ ಮತ್ತೆ ಬಾಯಿ ತೆರೆಯುವುದು. ಹೀಗೇ ಮುಂದಿನಿಂದ, ಪಕ್ಕದಿಂದ, ಜಡೆ ಮುಂದೆ ಹಾಕಿ, ಹಿಂದೆ ಹಾಕಿ, ಒಂದಾದ ಮೇಲೊಂದು ತೆಗೆದರು. ತೆಗೆದ ಕೂಡಲೇ ತಿರುಪು ತಿರುಗಿಸುವರು. ಕೊನೆಯದೊಂದನ್ನು ಎಲ್ಲರೂ ಕೂತು ತೆಗೆಸಿಕೊಳ್ಳಲು ಉಳಿಸಿದರು.

ಬಾಯಿ ಬಿಟ್ಟರೂ ತುತ್ತು ಬಾರದ್ದಕ್ಕೆ ಮಗನಿಗೆ ರೋಸಿಹೋಗಿರಬೇಕು. ರೇಗಿ ಅಳತೊಡಗಿದ. ಜಡೆ ಹಿಡಿದು ಎಳೆದ, ಮೊಗ್ಗು ಚೆಲ್ಲಾಡಿದವು. ನಾನು ಒಳಗೆ ಓಡಿ ರಾಗಿ ಸರಿಯ ಬಟ್ಟಲು ತಂದೆ. ಅವನು ಬಟ್ಟಲಿಗೇ ಕೈ ಹಾಕಿ, ಸಮಾಧಾನ ಮಾಡಲು ಬಗ್ಗಿದ ಅಪ್ಪನ ಕ್ಯಾಮೆರಾದ ಮುಖಕ್ಕೆ ಫಟ್ಟನೆ ಬಾರಿಸಿದ. ಗಾಜಿನ ಕಣ್ಣಿನ ತುಂಬ ರಾಗಿ ಸರಿ. ಇವರು ಬೈದುಕೊಂಡು ಪಂಚೆಯ ತುದಿಯಲ್ಲಿ ತಿಕ್ಕಿ ಒರೆಸಿದರು. ಅಷ್ಟರಲ್ಲಿ ಮಗ ಕಾಲು ಝಾಡಿಸಿ ಸೇರನ್ನು ಉರುಳಿಸಿದ, ರಾಗಿ ಜಗಲಿಯ ತುಂಬ ಚೆಲ್ಲಿತು, ಓರೆಯಾಗಿದ್ದ ಕನ್ನಡಿ ಸರಕ್ಕನೆ ನೇರಕ್ಕೆ ತಿರುಗಿತು.

ನಾನು ಇವರ ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತು, ಟಕ್ ಅನ್ನಿಸ್ರೀ, ತಿನ್ನಲಿ ಎಂದು ಕಿರುಚಿದೆ. ಇವರು ದಿನದ ಅಭ್ಯಾಸದಂತೆ ಬಗ್ಗಿ ‘ಟಕ್’ ಅನ್ನಿಸಿದರು. ಬಾಯಿ ತೆರೆಯಿತು, ನಾನು ಹೋಗಿ ತುತ್ತು ಇಟ್ಟೆ. ಇವರು ತಲೆಯ ಮೇಲೆ ಕೈ ಇಟ್ಟುಕೊಂಡರು.

“ಅಯ್ಯೋ, ಇವತ್ತು ಇದ್ರಲ್ಲಿ ರೋಲಿತ್ತು ಕಣೆ.”

ಅತ್ತೆ ಚೆಲ್ಲಿದ ರಾಗಿಯನ್ನು ಬಳಿಯುತ್ತಿದ್ದವರು ಹಾಗೆಯೇ ತಲೆ ಎತ್ತಿದರು. “ದಿನಾ ಇರ್ತಿರ್ಲಿಲ್ವೇನೋ?”

ಅಂದು ಹೋಳಿಗೆ ಮಾಡಿದ್ದೆ. ಯಾರೂ ಸರಿಯಾಗಿ ತಿನ್ನಲಿಲ್ಲ. ಅತ್ತೆಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು, ವರ್ಷವಿಡೀ ಖಾಲಿ ಡಬ್ಬದ ಮುಂದೆ ತಲೆ ಬಾಚಿಕೊಂಡು ಕೂತಿದ್ದೆನಲ್ಲ ಎಂದು. ಮಾರನೆಯ ಬೆಳಿಗ್ಗೆ ಇವರು ಅಂಜುತ್ತಲೇ ಕ್ಯಾಮೆರಾ ತಂದರು. ಅತ್ತೆ ಎಂದಿನಂತೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದು ಮೊಮ್ಮಗನ ಪಕ್ಕ ಕೂತರು. ಮಗು ತಿನ್ನಬೇಕಲ್ಲ ಅಂದರು, ಅಷ್ಟೆ. ಮೆಣಸಿನಕಾಯಿ ಮಾತ್ರ ಅಂದಿನಿಂದ ಸುಡಲಿಲ್ಲ.

ಘಾಟಿಯಲ್ಲಿ ಮುಡಿ ಆಯಿತು. ಆ ಉದ್ದನೆಯ ಕೂದಲು ಉದುರುವಾಗ ನಾನು ಅಳಲಿಲ್ಲ, ಫೋಟೋ ಇದೆಯಲ್ಲ ಎಂಬ ಧೈರ್ಯ. ಮುಂದಿನ ವಾರ ಸ್ಟುಡಿಯೋದಿಂದ ಲಕೋಟೆ ತಂದು ಇವರು ನನ್ನ ಕೈಗೆ ಕೊಡದೆ ಅಂಗಿ ತಗುಲಿಸುವ ಗೂಟದ ಕೆಳಗೆ ನಿಂತುಕೊಂಡಾಗಲೇ ನನಗೆ ಅನುಮಾನ ಬಂತು. ತೆಗೆದು ನೋಡಿದೆ. ಒಂದೊಂದರಲ್ಲೂ ಮಂಜು. ಚಳಿಗಾಲದಲ್ಲಿ ನಂದಿ ಬೆಟ್ಟದ ಮೇಲೆ ನಿಂತ ಹಾಗೆ ಬರೀ ಬಿಳಿ, ಅದರೊಳಗೆ ಎಲ್ಲೋ ಒಂದು ಮಸುಕು ಲಂಗ. ಮುಖವಿಲ್ಲ, ಜಡೆಯಿಲ್ಲ. ಅತ್ತೆಯ ಗಂಧ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ದೃಷ್ಟಿಯಾಗುವ ಭಯವೇ ಇರಲಿಲ್ಲ, ಏಕೆಂದರೆ ಏನೂ ಕಾಣುತ್ತಿರಲಿಲ್ಲ.

ಕೊನೆಯದೊಂದು ಮಾತ್ರ ಕನ್ನಡಿಯಷ್ಟು ನಿಚ್ಚಳ, ರಾಗಿ ಸರಿಯ ಜೊತೆ ಗಂಧವೂ ಒರೆಸಿಹೋಗಿತ್ತಲ್ಲ. ನಡುವೆ ಲಂಗ ಉಟ್ಟ ಮಗ, ಗಂಟಲು ಕಾಣುವಷ್ಟು ಬಾಯಿ ಬಿಟ್ಟಿದ್ದಾನೆ. ಹಿಂದಿನ ಕನ್ನಡಿಯಲ್ಲಿ ಜಡೆ ಕಾಣಬೇಕಾದ ಕಡೆ ನಾವು ಕಾಣುತ್ತಿದ್ದೇವೆ. ಬಗ್ಗಿದ ಇವರ ನಡುನೆತ್ತಿ. ಮೂಲೆಯಲ್ಲಿ ಸೆರಗು ಸಿಕ್ಕಿಸಿ ರಾಗಿ ಬಳಿಯುತ್ತಿರುವ ಅತ್ತೆ. ಅವರ ಮಧ್ಯೆ ಬಟ್ಟಲು ಹಿಡಿದು, ತಲೆ ಕೆದರಿ, ಮಗನಿಗಿಂತ ಅಗಲವಾಗಿ ಬಾಯಿ ಬಿಟ್ಟು ನಿಂತ ನಾನು. ತಿನ್ನಿಸುವಾಗ ನಾನೂ ಆ ಎಂದು ಬಾಯಿ ಬಿಡುತ್ತೇನೆಂದು ಅಂದೇ ನನಗೆ ಗೊತ್ತಾದದ್ದು. ಇವರು ಮೆಲ್ಲಗೆ, ನಿತ್ಯದ ಬದುಕು ಅಂದರೆ ಇದೇ ಅಲ್ಲವೇ ಅಂದರು. ಲಕೋಟೆಯನ್ನು ಅವರ ಮುಖಕ್ಕೆ ಎಸೆದು ಒಳಗೆ ಹೋಗಿ ಅತ್ತುಬಿಟ್ಟೆ.

ಆ ಮಂಜಿನಿಂದ ಇವರಿಗೊಂದು ಉಪಕಾರವಾಯಿತು. ಊರವರ ಫೋಟೋಗಳೂ ಹೀಗೇ ಹಾಳಾದವು ಎಂದು ಹಾಲಿನವಳಿಂದ ಹಿಡಿದು ಸೈಕಲ್ಲಿನವನ ತನಕ ಎಲ್ಲರಿಗೂ ತೋರಿಸಿ ಬಚಾವಾದರು. ಹಾಲಿನವಳು ಒಂದು ಮಂಜಿನ ಫೋಟೋದಲ್ಲಿ ತನ್ನ ಹಸುವಿನ ಕೊಂಬು ಕಾಣುತ್ತಿದೆ ಎಂದು ಅದನ್ನು ಇಸಿದುಕೊಂಡು ಹೋದಳು.

ದೀಪಾವಳಿಗೆ ಅನುಗೊಂಡನಹಳ್ಳಿಗೆ ಹೋದಾಗ ಆ ಒಂದು ಫೋಟೋವನ್ನು ತೆಗೆದುಕೊಂಡು ಹೋಗಿದ್ದೆ. ಅವ್ವನ ಎದುರು ಗಂಡನನ್ನು ಬೈಯಲು ಸಾಕ್ಷಿ ಬೇಕಿತ್ತು. ಅವ್ವನಿಗೆ ಆಗಲೇ ಕಣ್ಣಿಗೆ ಪೊರೆ ಬರುತ್ತಿತ್ತು. ಬೋಳುತಲೆಯ ಮೊಮ್ಮಗ ಚಡ್ಡಿ ಹಾಕಿಕೊಂಡು ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ. ಅವ್ವ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದಳು.

“ಇದ್ಯಾವಾಗ ತೆಗ್ಸಿದ್ರೇ ನಮ್ಮಿಬ್ರನ್ನ?” ಅಂದಳು.

ನನಗೆ ಅರ್ಥವಾಗಲಿಲ್ಲ. ಅವ್ವನ ಬೆರಳು ಲಂಗದ ಮಗುವಿನ ಮೇಲಿತ್ತು.

“ಹಿಂಗೇ ಬಾಯ್ ಬಿಡ್ತಿದ್ದೆ ಕಣವ್ವ ನೀನು. ಇದೇ ಮೂಗು, ಇದೇ ಹಣೆ. ನೋಡು, ತುತ್ತು ಹಿಡ್ಕೊಂಡು ನಾನೂ ಬಿಟ್ಟಿದೀನಿ.” ಬೆರಳು ಕನ್ನಡಿಯಲ್ಲಿದ್ದ ನನ್ನ ಮೇಲೆ ಸರಿಯಿತು, ಆಮೇಲೆ ಬಗ್ಗಿದ ನೆತ್ತಿಯ ಮೇಲೆ. “ಈ ತಲೆ ನಿಮ್ಮಪ್ಪಂದೇ ಇರ್ಬೇಕು.”

ಬೈಯಲು ಬಂದವಳು ಬೈಯುವುದನ್ನು ಮರೆತೆ. ಹೂಂ ಕಣವ್ವ, ಅಪ್ಪಂದೇ ಅಂದೆ. ಅವ್ವ ಅದನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಳು, ವಾಪಸು ಕೊಡು ಎಂದು ನಾನು ಕೇಳಲಿಲ್ಲ. ಅವ್ವ ಹೋದಮೇಲೆ ಅದು ಮತ್ತೆ ನನ್ನ ಕೈಗೆ ಬಂತು. ಮೂಲೆಯಲ್ಲಿ ಅರಿಶಿನದ ಕಲೆಯಾಗಿದೆ.

ಈಗ ಮೊಮ್ಮಗಳು ನನ್ನ ಪೆಟ್ಟಿಗೆ ಕೆದಕುವಾಗ ಅದು ಸಿಕ್ಕಿದರೆ, ಇದು ಯಾರಜ್ಜಿ ಎಂದು ಕೇಳುತ್ತಾಳೆ. ಇದು ನಾನು ಚಿಕ್ಕವಳಿದ್ದಾಗ, ಹಿಂದೆ ಬಟ್ಟಲು ಹಿಡಿದಿರುವವಳು ನಮ್ಮವ್ವ ಅನ್ನುತ್ತೇನೆ. ತಲೆ ನರೆತ ನನ್ನ ಮಗ ಪೇಪರು ಓದುತ್ತ ಕೂತವನು, ಅಮ್ಮಾ ಅದು ನಾನು ಅನ್ನುತ್ತಾನೆ.

ನಿನಗೇನು ಗೊತ್ತು, ಸುಮ್ಮನಿರು ಅನ್ನುತ್ತೇನೆ.